ಗೊತ್ತಿರುವ ದನಿ

ಅಂಗಿಯ ಗುಂಡಿ ತೂರಿಸುವ ಸಣ್ಣ ಸೀಳಿಗೆ ದರ್ಜಿಗಳು ಕಾಜಾ ಎನ್ನುತ್ತಾರೆ. ಹಾಕಿಕೊಳ್ಳುವವರು ಬಟ್ಟೆ ನೋಡುತ್ತಾರೆ, ಕಾಲರ್ ನೋಡುತ್ತಾರೆ, ತೋಳು ಬಿಗಿಯಾಯಿತೆಂದು ದರ್ಜಿಯನ್ನು ಬೈಯುತ್ತಾರೆ. ಕಾಜಾವನ್ನು ಯಾವ ಪುಣ್ಯಾತ್ಮನೂ ನೋಡುವುದಿಲ್ಲ. ಒಂದು ದಿನ ಅದು ಪಿಸಿದು, ಗುಂಡಿ ನಿಲ್ಲದೆ, ನಾಲ್ಕು ಜನರ ಮುಂದೆ ಎದೆ ಬಿಚ್ಚಿಕೊಂಡಾಗ ಮಾತ್ರ ಅದರ ನೆನಪಾಗುತ್ತದೆ. ಇಂಥ ಕಾಜಾಗಳನ್ನು ಕೈಯಲ್ಲೇ ಹೊಲಿದು ಹೊಟ್ಟೆ ಹೊರೆಯುತ್ತಿದ್ದ ಹೆಂಗಸೊಬ್ಬಳು ನಮ್ಮ ಬೀದಿಯ ಕೊನೆಯ ಕಟ್ಟಡದ ಎರಡನೇ ಮಹಡಿಯಲ್ಲಿ ಮಗಳೊಂದಿಗೆ ಇದ್ದಳು. ದರ್ಜಿಗಳು ಕಾಜಾ ಅಕ್ಕ ಅಂದರು, ಅವರ ಹಿಂದೆಯೇ ಬೀದಿಯೂ ಕಾಜಾ ಅಕ್ಕ ಅಂದಿತು.

ಕೆಲಸ ನೋಡಲು ಸುಲಭ. ಗುರುತು ಹಾಕಿದ ಕಡೆ ಬ್ಲೇಡಿನಿಂದ ಸೀಳಬೇಕು, ಮೇಣ ಸವರಿದ ದಾರದಿಂದ ಅಂಚಿನ ಸುತ್ತ ಒತ್ತೊತ್ತಾಗಿ ಹೊಲಿಗೆ ಕಟ್ಟಬೇಕು. ಆದರೆ ಸೀಳಿದ ಕೂಡಲೇ ಕಟ್ಟಬೇಕು. ಆಮೇಲೆ ನೋಡೋಣ ಎಂದು ಬಿಟ್ಟರೆ ಎಳೆ ತಾನಾಗಿ ಬಿಚ್ಚುತ್ತ ಹೋಗಿ ಬಟ್ಟೆಯೇ ಕೆಟ್ಟುಹೋಗುತ್ತದೆ. ಅಕ್ಕನ ಎಡಗೈಯ ಕೊನೆಯ ಎರಡು ಬೆರಳು ನೆಟ್ಟಗಾಗುತ್ತಿರಲಿಲ್ಲ. ಗಿಣ್ಣಿನ ಹತ್ತಿರ ಒಳಕ್ಕೆ ಬಾಗಿ ಹಾಗೆಯೇ ಕೂಡಿಕೊಂಡಿದ್ದವು. ಆ ಎರಡರ ಕೊಕ್ಕೆಗೆ ದಾರ ಸಿಕ್ಕಿಸಿ, ಉಳಿದ ಮೂರರಲ್ಲಿ ಬಟ್ಟೆ ಹಿಡಿದು ಅವಳು ಹೊಲಿಯುತ್ತಿದ್ದ ವೇಗ ನೋಡಿ ದರ್ಜಿಗಳೇ ಬಾಯಿ ಬಿಡುತ್ತಿದ್ದರು. "ದೇವರು ನನಗೆ ಅಂತಲೇ ಕೊಕ್ಕೆ ಮಾಡಿ ಕೊಟ್ಟಿದ್ದಾನೆ" ಎಂದು ನಗುತ್ತಿದ್ದಳು. ಮಾಡಿ ಕೊಟ್ಟವನು ದೇವರಲ್ಲ, ಗಂಡ.

ಅವನು ಜೋರಾಗಿ ಮಾತಾಡಿದವನೇ ಅಲ್ಲ. ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರಲ್ಲ, ಆ ಮನೆಯಿಂದ ಅಕ್ಕಪಕ್ಕದವರ ಕಿವಿಗೆ ಒಂದು ದಿನವೂ ಜಗಳ ಬೀಳಲಿಲ್ಲ. ಹೊಸ ಅಂಗಡಿಗಳ ಮುಂದೆ ಮೈಕ್ ಹಿಡಿದು ಜನ ಸೇರಿಸುವುದು ಅವನ ಕಸುಬು. ಬೆಣ್ಣೆಯಂಥ ದನಿ. ಕೊನೆಯ ಮಾತಿಗೆ ಮುಂಚೆ ಒಂದು ಸಣ್ಣ ಉಸಿರು ಎಳೆದು ನಿಲ್ಲಿಸುತ್ತಿದ್ದ. ಆ ಉಸಿರಿಗೇ ದಾರಿಹೋಕರು ನಿಂತುಬಿಡುತ್ತಿದ್ದರು. ಬಾಯಿ ಬೆಲ್ಲ, ಕರುಳು ಕತ್ತರಿ ಎಂಬ ಗಾದೆ ಕಟ್ಟಿದವರು ಅವನನ್ನು ನೋಡಿಯೇ ಕಟ್ಟಿರಬೇಕು. ಸಿಟ್ಟು ಏರಿದಷ್ಟೂ ಅವನ ದನಿ ಮೆತ್ತಗಾಗುತ್ತಿತ್ತು. "ಬಾಗಿಲು ಹಾಕ್ಕೊಂಡು ಬಾ" ಎಂದು ಮೆಲ್ಲಗೆ ಹೇಳಿದನೆಂದರೆ ಅವಳ ಕೈಕಾಲು ತಣ್ಣಗಾಗುತ್ತಿದ್ದವು. ಒಂದು ಸಲ ಅವಳು ಬಾಗಿಲು ಹಾಕದೆ ಹೊರಗೆ ಓಡಲು ನೋಡಿದಳು. ಚೌಕಟ್ಟು ಹಿಡಿದಿದ್ದ ಅವಳ ಕೈಯ ಮೇಲೆ ಅವನೇ ಬಾಗಿಲು ಹಾಕಿದ. ಹಾಕಿ, ಒತ್ತಿ ಹಿಡಿದು, "ನೋವಾಯ್ತಾ ಚಿನ್ನ? ಹೇಳು ನೋಡೋಣ" ಎಂದು ಕೇಳಿದ.

ಬೆರಳಿಗೆ ಪಟ್ಟಿ ಕಟ್ಟಿಕೊಂಡು ಠಾಣೆಗೆ ಹೋದಳು. ಅವನನ್ನು ಕರೆಸಿದರು. ಅವನು ಕುರ್ಚಿಯಲ್ಲಿ ಕೂತು ಸಮಾಧಾನವಾಗಿ ಮಾತಾಡಿದ. "ಇಂಥ ಮನುಷ್ಯನ ಮೇಲೆ ದೂರು ಕೊಡೋಕೆ ಮನಸ್ಸಾದ್ರೂ ಹೇಗೆ ಬಂತಮ್ಮ?" ಎಂದು ಅಧಿಕಾರಿ ಅವನ ಜೊತೆಗೇ ಮನೆಗೆ ಕಳಿಸಿದ. ಅದಾದ ಎಂಟನೆಯ ದಿನ, ಮೂರು ತುಂಬದ ಮಗಳನ್ನು ಎತ್ತಿಕೊಂಡು, ಉಟ್ಟ ಬಟ್ಟೆಯಲ್ಲೇ ಎರಡು ಬಸ್ಸು ಬದಲಾಯಿಸಿ ನಮ್ಮ ಊರಿಗೆ ಬಂದಳು. ಕೋಣೆ ಸಿಕ್ಕಿದ ದಿನ ಒಲೆ ತರುವುದಕ್ಕೂ ಮುಂಚೆ ಬಡಗಿಯನ್ನು ಕರೆಸಿ ಬಾಗಿಲಿಗೆ ಒಂದು ಕಬ್ಬಿಣದ ಚಿಲಕ, ಒಂದು ಬೀಗ, ಒಂದು ಸರಪಳಿ ಹಾಕಿಸಿದಳು. "ಒಳಗೆ ಏನು ಖಜಾನೆ ಇಟ್ಟಿದ್ದೀರಮ್ಮ?" ಎಂದು ಬಡಗಿ ಕೇಳಿದ. ಖಜಾನೆ ಮೂಲೆಯಲ್ಲಿ ಬೆರಳು ಚೀಪುತ್ತ ಕೂತಿತ್ತು.

ಈ ಕಥೆ ನಡೆಯುವ ಹೊತ್ತಿಗೆ ಮಗಳಿಗೆ ಎಂಟು ವರ್ಷ. ಗಲ್ಲದ ಮೇಲೆ ಒಂದು ಮಚ್ಚೆ ಇದ್ದುದರಿಂದ ಚುಕ್ಕಿ ಎಂದೇ ಕರೆಯುತ್ತಿದ್ದರು. ಚುರುಕಿನ ಹುಡುಗಿ, ಮಾತಿನ ಮಲ್ಲಿ. ಆ ಮಾತಿನ ನಡುವೆ, ಕೊನೆಯ ಪದಕ್ಕೆ ಮುಂಚೆ, ಒಂದು ಸಣ್ಣ ಉಸಿರು ಎಳೆದು ನಿಲ್ಲಿಸುತ್ತಿದ್ದಳು. ಹಾಗೆ ಮಾಡಿದಾಗಲೆಲ್ಲ ಅಕ್ಕ ಸೂಜಿ ನಿಲ್ಲಿಸಿ ಮಗಳ ಮುಖ ನೋಡುತ್ತಿದ್ದಳು. ಯಾರೂ ಕಲಿಸಿದ್ದಲ್ಲ, ರಕ್ತದಲ್ಲಿ ಬಂದದ್ದು.

ಮಗಳಿಗೆ ಅಕ್ಕ ಹೇಳಿದ್ದು ಎರಡೇ ಮಾತು. ಅಪ್ಪ ಎಲ್ಲಿ ಎಂದರೆ, ಇಲ್ಲ. ಇಲ್ಲ ಅಂದರೆ ಏನು ಎಂದರೆ, ಇಲ್ಲ ಅಂದರೆ ಇಲ್ಲ. ಬೆರಳಿಗೆ ಏನಾಯಿತು ಎಂದರೆ, ಬಾಗಿಲಿಗೆ ಸಿಕ್ಕಿತು. ಬಾಗಿಲು ಯಾರು ಹಾಕಿದ್ದು ಎಂದರೆ, ಗಾಳಿ. ಇದನ್ನು ಸುಳ್ಳು ಎನ್ನಬೇಕೋ ತಾಯಿಯ ಹೆದರಿಕೆ ಎನ್ನಬೇಕೋ ನೀವೇ ಹೇಳಿ. ನನಗಂತೂ ಬೈಯಲು ಬಾಯಿ ಬರುವುದಿಲ್ಲ, ಸಿಟ್ಟು ಮಾತ್ರ ಬರುತ್ತದೆ.

ಇದರ ಜೊತೆಗೆ ಒಂದು ಕಟ್ಟಪ್ಪಣೆಯಿತ್ತು. ಸಿದ್ಧವಾದ ಅಂಗಿಗಳನ್ನು ದರ್ಜಿಗಳಿಗೆ ಕೊಟ್ಟು ಹೊಸ ಗಂಟು ತರಲು ಪ್ರತಿ ಮಂಗಳವಾರ ಮಧ್ಯಾಹ್ನ ಅಕ್ಕ ಪೇಟೆಗೆ ಹೋಗಲೇಬೇಕಿತ್ತು. ಆ ಹೊತ್ತಿನಲ್ಲಿ ಚುಕ್ಕಿ ಶಾಲೆಯಿಂದ ಬಂದು, ತನ್ನ ಬೀಗದ ಕೈಯಿಂದ ತೆರೆದು, ಒಳಗಿಂದ ಎಲ್ಲ ಹಾಕಿಕೊಂಡು ಒಬ್ಬಳೇ ಕೂರಬೇಕು.

"ಯಾರಾದ್ರೂ ಬಾಗಿಲು ತಟ್ಟಿದ್ರೆ ಏನು ಮಾಡ್ತೀಯ?"

"ಯಾರು ಅಂತ ಕೇಳ್ತೀನಿ."

"ಆಮೇಲೆ?"

"ಗೊತ್ತಿರೋ ದನಿ ಆದ್ರೆ ತೆಗೀತೀನಿ. ಗೊತ್ತಿಲ್ದೇ ಇರೋ ದನಿ ಆದ್ರೆ ಸತ್ರೂ ತೆಗಿಯಲ್ಲ."

"ಮುಖ ಮೋಸ ಮಾಡುತ್ತೆ, ದನಿ ಮೋಸ ಮಾಡಲ್ಲ" ಎಂದು ಅಕ್ಕ ಮುಗಿಸುತ್ತಿದ್ದಳು. ದನಿಯಿಂದಲೇ ಹಾಳಾದ ಹೆಂಗಸು ಹೀಗೆ ಹೇಳುತ್ತಿದ್ದಳಲ್ಲ ಎಂದು ನಿಮಗೆ ಆಶ್ಚರ್ಯವಾಗಬಹುದು. ಆದರೆ ಆ ಬಾಗಿಲಿಗೆ ಹೊರಗೆ ನೋಡುವ ತೂತು ಇರಲಿಲ್ಲ. ಮಗುವಿನ ಹತ್ತಿರ ಕಿವಿಯೊಂದೇ ಇತ್ತು, ಅದಕ್ಕೆ ತಕ್ಕ ಹಾಗೆ ಕಲಿಸಿದ್ದಳು. ಚುಕ್ಕಿ ಗೊತ್ತಿರುವ ದನಿಗಳನ್ನು ಬೆರಳಲ್ಲಿ ಎಣಿಸುತ್ತಿದ್ದಳು: ಅಮ್ಮ, ಪಕ್ಕದ ಮನೆಯ ಟಿಕೆಟ್ ಅಜ್ಜಿ, ಕೆಳಗಿನ ಮೊಬೈಲ್ ರಿಪೇರಿಯವನು. ಮೂರೇ ಜನ.

ಹೊಲಿಯುವವರಿಗೆ ಕಣ್ಣು, ಕೈ ಎರಡಕ್ಕೂ ಬಿಡುವಿಲ್ಲ, ಕಿವಿ ಮಾತ್ರ ಖಾಲಿ. ಖಾಲಿ ಕಿವಿಗೆ ಹಳೆಯದೆಲ್ಲ ಬಂದು ತುಂಬಿಕೊಳ್ಳುತ್ತದೆ. ಅದಕ್ಕೇ ಅಕ್ಕ ಬೆಳಗಿನಿಂದ ಸಂಜೆಯವರೆಗೆ ಫೋನನ್ನು ದಾರದ ಡಬ್ಬಿಗೆ ಒರಗಿಸಿ ಹಾಡು ಹಾಕಿಕೊಳ್ಳುತ್ತಿದ್ದಳು, ಕಥೆ ಹಾಕಿಕೊಳ್ಳುತ್ತಿದ್ದಳು. ನಡುನಡುವೆ ಜಾಹೀರಾತು. ಅದರ ವಿಷಯ ನಿಮಗೂ ಗೊತ್ತು. ನಂಟರಾದರೆ ಬಾಗಿಲಾದರೂ ತಟ್ಟುತ್ತಾರೆ. ಇವು ತಟ್ಟುವುದಿಲ್ಲ, ಕರೆಯುವುದಿಲ್ಲ, ಹಾಡಿನ ಕುತ್ತಿಗೆ ಹಿಸುಕಿ ನಡುಮನೆಗೆ ನುಗ್ಗುತ್ತವೆ, ಐದು ಸೆಕೆಂಡಾದರೂ ಕೇಳಿಸಿಕೊಳ್ಳದೆ ಎದ್ದುಹೋಗುವುದಿಲ್ಲ. ಎಲ್ಲರೂ ಬೈದುಕೊಳ್ಳುತ್ತೇವೆ, ಎಲ್ಲರೂ ಸಹಿಸುತ್ತೇವೆ.

ಒಂದು ದಿನ ಬೆಳಗ್ಗೆ ಹಾಡು ಅರ್ಧಕ್ಕೆ ನಿಂತಿತು. ಪರದೆಯ ಮೇಲೆ ಹೊಸ ಬಣ್ಣ ಬಳಿದ ಒಂದು ಗೋಡೆ. ಆಮೇಲೆ ದನಿ.

"ಮನೆ ಅಂದ್ರೆ... ಏನು? ಹೇಳಿ ನೋಡೋಣ?"

ಸೂಜಿ ಅವಳ ಹೆಬ್ಬೆರಳಿಗೆ ಚುಚ್ಚಿಕೊಂಡಿತು. ಬಿಳಿ ಅಂಗಿಯ ಮೇಲೆ ರಕ್ತದ ಬೊಟ್ಟು ಬಿತ್ತು. ಅವಳು ಅದನ್ನು ನೋಡಲಿಲ್ಲ, ಬಾಗಿಲು ನೋಡಿದಳು. ಚಿಲಕ ಹಾಕಿತ್ತು, ಸರಪಳಿ ಹಾಕಿತ್ತು. ದನಿ ಕೋಣೆಯ ಒಳಗಿತ್ತು. ಐದು ಸೆಕೆಂಡು ಕಳೆದು ಪರದೆಯ ಮೂಲೆಯಲ್ಲಿ ದಾಟಿಸುವ ಗುಂಡಿ ಬಂದ ಕೂಡಲೇ ಒತ್ತಿದಳು. ಹಾಡು ಬಿಟ್ಟಲ್ಲಿಂದ ಶುರುವಾಯಿತು. ಅಂಗಡಿ ಮುಂದೆ ಕೂಗುತ್ತಿದ್ದವನು ದೊಡ್ಡ ಬಣ್ಣದ ಕಂಪನಿಯ ದನಿಯಾಗಿ ಬೆಳೆದಿದ್ದ. ಊರೂರಿಗೂ ಹೋಗಿದ್ದ. ಎರಡು ಬಸ್ಸು ಬದಲಾಯಿಸಿ ತಪ್ಪಿಸಿಕೊಂಡವಳ ದಾರದ ಡಬ್ಬಿಯ ಪಕ್ಕಕ್ಕೇ ಬಂದು ಕೂತಿದ್ದ.

ಆ ದಿನ ಅದು ಹದಿನೇಳು ಸಲ ಬಂತು. ಹದಿನೇಳು ಸಲವೂ ಅವಳು ಐದು ಸೆಕೆಂಡು ಉಸಿರು ಬಿಗಿಹಿಡಿದು, ಹೆಬ್ಬೆರಳನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡು ಕಾದಳು. ನಾಲ್ಕು ದಿನ ಫೋನೇ ಹಚ್ಚಲಿಲ್ಲ. ಆದರೆ ದರ್ಜಿಗಳು ಕೆಲಸ ಹೇಳುವುದು ಅದರಲ್ಲೇ, ಚುಕ್ಕಿಯ ಶಾಲೆಯವರು ಮನೆಪಾಠ ಕಳಿಸುವುದೂ ಅದರಲ್ಲೇ. ಐದನೆಯ ದಿನ ಚುಕ್ಕಿ ಲೆಕ್ಕದ ಪಾಠ ನೋಡುತ್ತಿದ್ದಾಗ ಪಾಠದ ನಡುವೆ ಅವನು ಬಂದ. ಮಗಳು ತಲೆ ಓರೆ ಮಾಡಿ ಕೇಳಿದಳು. ಅಕ್ಕ ಒಲೆಯ ಹತ್ತಿರದಿಂದ ಓಡಿಬಂದು ಒತ್ತಿದಳು.

"ಯಾಕಮ್ಮ ತೆಗೆದೆ? ಏನು ಅಂತ ಹೇಳ್ತಾ ಇದ್ರು" ಎಂದಳು ಚುಕ್ಕಿ. "ಎಷ್ಟು ಚೆನ್ನಾಗಿದೆ ಅವರ ದನಿ."

ಅಕ್ಕ ಫೋನನ್ನು ಸೆರಗಿನಲ್ಲಿ ಸುತ್ತಿಕೊಂಡು ಕೆಳಗಿಳಿದಳು. ಮೊಬೈಲ್ ರಿಪೇರಿಯವನ ಕೈಯಲ್ಲಿ ಊಟದ ಹೊತ್ತಿನಲ್ಲೂ ಚಿಮುಟ ಇರುತ್ತಿದ್ದುದರಿಂದ ಬೀದಿಯವರಿಗೆ ಅವನು ಚಿಮುಟ.

"ಇದರಲ್ಲಿ ಜಾಹೀರಾತು ಬರಬಾರ್ದು" ಎಂದಳು.

"ಅಕ್ಕಾ, ಮಳೆ ಬರಬಾರ್ದು ಅಂತ ಛತ್ರಿ ಅಂಗಡಿಗೆ ಬಂದಿದ್ದೀರಲ್ಲ" ಎಂದು ನಕ್ಕ. ಅವಳ ಮುಖ ನೋಡಿ ನಗು ನಿಲ್ಲಿಸಿದ. "ಯಾವ್ದು ಬರಬಾರ್ದು?"

"ಯಾವ್ದೂ."

"ಅಸಹ್ಯದ್ದು ಬರ್ತಿದ್ಯಾ? ಮಗು ಇರೋ ಮನೆ ಅಲ್ವಾ."

"ಹೂಂ" ಎಂದಳು. ಅಸಹ್ಯದ್ದೇ ಎನ್ನುವುದರಲ್ಲಿ ಸುಳ್ಳೇನೂ ಇರಲಿಲ್ಲ.

ಚಿಮುಟ ಅರ್ಧ ಗಂಟೆ ಕೂತು ಏನೇನೋ ಇಳಿಸಿದ, ಏನೇನೋ ತೆಗೆದ. "ಇನ್ಮೇಲೆ ಆ ಹಳೇ ಆ್ಯಪ್ ಮುಟ್ಲೇಬೇಡಿ. ಇದು ಹೊಸದು, ಹಾಡು, ಕಥೆ, ಪಾಠ ಎಲ್ಲ ಇದರಲ್ಲೇ ಹಾಕ್ಕೊಳ್ಳಿ. ಜಾಹೀರಾತು ಇಷ್ಟು ದೂರದಲ್ಲೇ ಬಾಗಿಲು ಬಡೀತಾ ನಿಂತಿರುತ್ತೆ, ಒಳಗೆ ಬರಲ್ಲ" ಎಂದ. ಪರೀಕ್ಷೆಗೆ ನಾಲ್ಕು ಹಾಡು ಹಾಕಿ ತೋರಿಸಿದ. ಎಲ್ಲವೂ ನೆಟ್ಟಗೆ ಹಾಡಿದವು. ಫೋನು ಕೈಗೆ ಕೊಡುವಾಗ, "ಆದ್ರೂ ಆ ಬಣ್ಣದ ಕಂಪನಿದು ಒಂದು ಚೆನ್ನಾಗಿತ್ತು ಅಕ್ಕಾ. ನನ್ನ ಹೆಂಡ್ತಿ ಆ ದನಿಗೆ ಮರುಳಾಗಿ ಗೋಡೆಗೆ ಬಣ್ಣ ಹೊಡ್ಸು ಅಂತ ಪ್ರಾಣ ತಿಂತಾಳೆ" ಎಂದ. ಅಕ್ಕ ಅವನ ಎರಡು ಅಂಗಿಗೆ ಪುಕ್ಕಟೆ ಕಾಜಾ ಹೊಲಿದು ಕೊಡುವುದಾಗಿ ಹೇಳಿ ಮೇಲೆ ಬಂದಳು.

ಅಲ್ಲಿಂದ ಮೂರು ತಿಂಗಳು ಆ ಕೋಣೆಯಲ್ಲಿ ಅವನ ದನಿ ಇರಲಿಲ್ಲ. ಅವಳ ಬದುಕಿನಲ್ಲಿ ಅಷ್ಟು ನೆಮ್ಮದಿಯ ಮೂರು ತಿಂಗಳು ಬೇರೆ ಇತ್ತೋ ಇಲ್ಲವೋ. ಹಾಡಿನ ಜೊತೆ ತಾನೂ ಗುನುಗುತ್ತ ಹೊಲಿದಳು. ದಿನಕ್ಕೆ ನಾಲ್ಕು ಅಂಗಿ ಹೆಚ್ಚಾಯಿತು. ಕಿಟಕಿಯ ಮೇಲೆ ಎರಡು ಕುಂಡ ಇಟ್ಟಳು. ಒಂದು ಬಾಗಿಲು ಭದ್ರಮಾಡಿದ ಹಾಗೆ ಇನ್ನೊಂದನ್ನೂ ಭದ್ರಮಾಡಿದೆ, ಇನ್ನು ಹೆದರಿಕೆಯಿಲ್ಲ ಎಂದುಕೊಂಡಳು. ಸೆರಗಿನ ಕೆಂಡವನ್ನು ಗಂಟು ಕಟ್ಟಿಬಿಟ್ಟರೆ ಆರುತ್ತದೆಯೇ?

ಆ ನೆಮ್ಮದಿಯ ನಡುವೆ ಒಂದು ಸಂಜೆ ಪುಸ್ತಕಕ್ಕೆ ರಟ್ಟು ಹಾಕುತ್ತಿದ್ದ ಚುಕ್ಕಿ ಕೇಳಿದಳು.

"ಅಮ್ಮಾ, ಆ ಮಾಮ ಯಾಕೆ ಈಗ ಬರಲ್ಲ?"

"ಯಾವ ಮಾಮ?"

"ಮನೆ ಅಂದ್ರೆ ಏನು, ಹೇಳಿ ನೋಡೋಣ ಅಂತಾರಲ್ಲ, ಅವರು. ಏನು ಅಂತ ಹೇಳೋದ್ರೊಳಗೆ ನೀನು ಒತ್ತಿಬಿಡ್ತಿದ್ದೆ. ಮನೆ ಅಂದ್ರೆ ಏನಮ್ಮ?"

ಅಕ್ಕನ ಕೈಯಲ್ಲಿ ಆಗಷ್ಟೇ ಸೀಳಿದ ಒಂದು ಕಾಜಾ ಇತ್ತು. ಹೇಳಿಬಿಡಬಹುದಿತ್ತು. ಎಂಟು ವರ್ಷದ ಮಗುವಿಗೆ ಅರ್ಥವಾಗುವ ನಾಲ್ಕು ಮಾತು ಸಾಕಿತ್ತು: ಅದು ನಿಮ್ಮಪ್ಪನ ದನಿ, ಆ ದನಿ ಕೇಳಿದರೆ ಬಾಗಿಲು ತೆಗೆಯಬೇಡ. ನಾಲಿಗೆಯ ತುದಿಯವರೆಗೂ ಬಂತು. ಮಗಳ ಕಣ್ಣಲ್ಲಿ ಅಪ್ಪ ಎಂಬ ಪದ ಹೊತ್ತಿಕೊಳ್ಳುವುದನ್ನು ನೆನೆದು ನುಂಗಿಕೊಂಡಳು.

"ಕಂಪನಿಯವರು ನಿಲ್ಸಿರ್ಬೇಕು. ನೀನು ರಟ್ಟು ನೆಟ್ಟಗೆ ಮಡಚು" ಎಂದಳು.

ಚುಕ್ಕಿ ಮಡಚಿದಳು. ಆದರೆ ಅರ್ಧಕ್ಕೆ ಬಿಟ್ಟ ಪ್ರಶ್ನೆ ಮಕ್ಕಳ ತಲೆಯಿಂದ ಹೋಗುವುದುಂಟೇ? ಪೂರ್ತಿ ಕೇಳಿದ್ದರೆ ಎರಡು ದಿನದಲ್ಲಿ ಮರೆಯುತ್ತಿದ್ದಳು. ಅಮ್ಮ ಪ್ರತಿ ಸಲವೂ ಅದರ ಬಾಯಿ ಮುಚ್ಚಿದ್ದಕ್ಕೇ ಅದು ಅವಳಿಗೆ ಬೇಕಾಯಿತು. ಪಕ್ಕದ ಮನೆಯ ಟಿಕೆಟ್ ಅಜ್ಜಿ ಮೂವತ್ತು ವರ್ಷ ಸಿನಿಮಾ ಥಿಯೇಟರಿನಲ್ಲಿ ಟಿಕೆಟ್ ಹರಿದವಳು. ಜಾಹೀರಾತು ನೋಡದೆ ಸಿನಿಮಾ ನೋಡಿದರೆ ಅರ್ಧ ಊಟ ಬಿಟ್ಟ ಹಾಗೆ ಎನ್ನುವ ಪೈಕಿ. ಅಜ್ಜಿಯ ಫೋನಿನಲ್ಲಿ ಯಾವುದನ್ನೂ ಯಾರೂ ದಾಟಿಸುತ್ತಿರಲಿಲ್ಲ. ಚುಕ್ಕಿ ಸಂಜೆ ಹೊತ್ತು ಅಲ್ಲಿ ಹೆಚ್ಚು ಹೊತ್ತು ಕೂರತೊಡಗಿದಳು. ಅಜ್ಜಿಯ ಹತ್ತಿರ ಇದ್ದಾಳಲ್ಲ, ಸುರಕ್ಷಿತವಾಗಿದ್ದಾಳೆ ಎಂದು ಅಕ್ಕ ಹೊಲಿಯುತ್ತ ಕೂತಳು. ಹೊತ್ತಾದಾಗ ಗೋಡೆಯ ಈಚೆಯಿಂದ, "ಚುಕ್ಕೀ, ಬಾರೇ ಸಾಕು" ಎಂದು ಕೂಗುತ್ತಿದ್ದಳು.

ಒಂದು ಮಂಗಳವಾರ. ಅಕ್ಕ ಅಂಗಿಗಳನ್ನು ಒಪ್ಪಿಸಿ, ನಲವತ್ತು ಹೊಸ ಅಂಗಿಯ ಗಂಟು ಹೊತ್ತು ಪೇಟೆಯಿಂದ ಬರುತ್ತಿದ್ದಳು. ಮೂರು ಗಂಟೆ ದಾಟಿತ್ತು. ಬೀದಿಗೆ ತಿರುಗುವಲ್ಲಿ ಒಂದು ಸಣ್ಣ ಆಸ್ಪತ್ರೆ. ಮಂಗಳವಾರ ಅಲ್ಲಿ ವಯಸ್ಸಾದವರಿಗೆ ಪುಕ್ಕಟೆ ಬಿಪಿ ನೋಡುತ್ತಾರೆ. ಜಗಲಿಯ ಬೆಂಚಿನ ಮೇಲೆ ಟಿಕೆಟ್ ಅಜ್ಜಿ ತನ್ನ ಸರದಿಗೆ ಕಾಯುತ್ತ ಕೂತಿದ್ದಳು.

"ಬಾರೇ, ಬಾರೇ" ಎಂದು ಕೈಹಿಡಿದು ಕೂರಿಸಿದಳು. "ಹೇಳ್ಬಾರ್ದು, ಚುಕ್ಕಿ ಆಣೆ ಹಾಕ್ಸಿಕೊಂಡಿದ್ದಾಳೆ. ಆದ್ರೆ ನನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಅಂತ ನಿನಗೇ ಗೊತ್ತಲ್ಲ. ನಿನ್ನ ಮಗಳು ಗೆದ್ದಿದ್ದಾಳೆ ಕಣೇ!"

"ಏನು ಗೆದ್ದಿದ್ದಾಳೆ?"

"ಬಣ್ಣದ ಕಂಪನಿಯವರು ಒಂದು ಸ್ಪರ್ಧೆ ಇಟ್ಟಿದ್ರು. ಆ ಜಾಹೀರಾತಿನ ಮಾತನ್ನ ಮಕ್ಕಳ ದನೀಲಿ ಹೇಳಿಸಿ, ಹೆಸರು, ವಿಳಾಸ ಬರೆದು ಕಳಿಸಿ ಅಂತ. ನನ್ನ ಫೋನಲ್ಲೇ ಹೇಳಿಸಿ ಕಳಿಸ್ದೆ. ಎಂಟು ದಿನ ಆಯ್ತು. ಕೇಳು, ಕೇಳು ಹೇಗೆ ಹೇಳಿದ್ದಾಳೆ ಅಂತ."

ಅಜ್ಜಿ ಫೋನನ್ನು ಅಕ್ಕನ ಕಿವಿಯ ಹತ್ತಿರ ಹಿಡಿದಳು. ಚುಕ್ಕಿಯ ದನಿ ಬಂತು, ಅವನ ನಿಲುಗಡೆ, ಅವನ ಉಸಿರು, ಅವನ ಇಳಿತದೊಂದಿಗೆ.

"ಮನೆ ಅಂದ್ರೆ... ಏನು? ಹೇಳಿ ನೋಡೋಣ? ಮನೆ ಅಂದ್ರೆ ಗೋಡೆ ಅಲ್ಲ. ಮನೆ ಅಂದ್ರೆ, ನಿಮಗೋಸ್ಕರ ಬಾಗಿಲು ತೆಗೆಯೋ ಒಂದು... ಜೀವ."

ಇಷ್ಟು ದಿನ ಅವಳೂ ಕೇಳಿರದ ಉತ್ತರ ಅದು. ಅದರ ಹಿಂದೆಯೇ, ಗೋಡೆಯ ಆಚೆಯಿಂದ, ದೂರದಲ್ಲಿ, ಅವಳದೇ ದನಿ: "ಚುಕ್ಕೀ, ಬಾರೇ ಸಾಕು."

ಅವಳು ಅಜ್ಜಿಯ ಮಣಿಕಟ್ಟು ಹಿಡಿದು ಫೋನನ್ನು ಕಿವಿಯಿಂದ ಸರಿಸಿದಳು.

"ನಿನ್ನೆ ಫೋನ್ ಬಂದಿತ್ತು ಕಣೇ" ಎಂದು ಅಜ್ಜಿ ಹಿಗ್ಗಿನಲ್ಲಿ ಹೇಳುತ್ತಲೇ ಇದ್ದಳು. "ಕಂಪನಿ ಹುಡುಗಿ ಅಲ್ಲ, ಅವರೇ! ಆ ದನಿಯವರೇ! ಎಷ್ಟು ಮರ್ಯಾದೆಯಿಂದ ಮಾತಾಡಿದ್ರು ಗೊತ್ತಾ, ಅಜ್ಜಿ ಅಜ್ಜಿ ಅಂತ. ಹಿಂದೆ ಕೂಗ್ತಿರೋದು ಯಾರು ಅಂತ ಕೇಳಿದ್ರು. ಮಗು ತಾಯಿ ಅಂದೆ. ತಾಯಿ ಮನೇಲಿ ಯಾವಾಗ ಇರಲ್ಲ ಅಂತ ಕೇಳಿದ್ರು, ಅವಳಿಗೂ ಗೊತ್ತಾಗದ ಹಾಗೆ ಬಹುಮಾನ ತಂದುಕೊಟ್ಟು ಬೆರಗು ಮಾಡೋಣ ಅಂತ. ಮಂಗಳವಾರ ಮಧ್ಯಾಹ್ನ ಪೇಟೆಗೆ ಹೋಗ್ತಾಳೆ ಅಂದೆ..."

ಅಜ್ಜಿಯ ಮಾತು ಅಲ್ಲಿಗೇ ನಿಂತಿತು. ಎದುರಿದ್ದವಳ ಮುಖ ನೋಡಿ ಏನೋ ತಪ್ಪಾಗಿದೆ ಎಂದಷ್ಟು ತಿಳಿಯಿತು. "ಯಾಕೇ? ಏನಾಯ್ತೇ?" ಎಂದು ಎದ್ದು ನಿಲ್ಲುವ ಹೊತ್ತಿಗೆ ಅಕ್ಕ ಬೀದಿಯಲ್ಲಿ ಓಡುತ್ತಿದ್ದಳು.

ಗಂಟು ಬಿಸಾಡಿ ಓಡಬೇಕೆಂದು ಹೊಳೆಯಲಿಲ್ಲ, ಅಪ್ಪಿಕೊಂಡೇ ಓಡಿದಳು. ಓಡುತ್ತ ಮಗಳ ಗೊತ್ತಿರುವ ದನಿಗಳನ್ನು ಎಣಿಸಿದಳು. ಅಮ್ಮ, ಅಜ್ಜಿ, ಚಿಮುಟ. ನಾಲ್ಕನೆಯದನ್ನು ತಾನೇ ಸೇರಿಸಿದ್ದು ಎಂದು ಅವಳಿಗೆ ಆಗ ತಿಳಿಯಿತು. ದನಿಯನ್ನು ಮನೆಯಿಂದ ಹೊರಗಿಟ್ಟಿದ್ದಳೇ ಹೊರತು ಅದು ಯಾರದೆಂದು ಮಗಳಿಗೆ ಹೇಳಿರಲಿಲ್ಲ. ಚಿಮುಟ ತನ್ನ ಅಂಗಡಿಯಿಂದ, "ಏನಕ್ಕಾ?" ಎಂದು ಕೂಗಿದ. ಅವಳು ನಿಲ್ಲದೆ ಮೆಟ್ಟಿಲು ಹತ್ತಿದಳು.

ಎರಡನೇ ಮಹಡಿಯ ಬಾಗಿಲು ತೆರೆದಿತ್ತು. ಚಿಲಕ ಸರಿಯಾಗಿತ್ತು, ಬೀಗ ಸರಿಯಾಗಿತ್ತು, ಸರಪಳಿ ನೇತಾಡುತ್ತಿತ್ತು. ಯಾರೂ ಯಾವುದನ್ನೂ ಒಡೆದಿರಲಿಲ್ಲ. ಹೊಸ್ತಿಲ ಹೊರಗೆ ಚುಕ್ಕಿಯ ಚಪ್ಪಲಿಯ ಪಕ್ಕದಲ್ಲಿ ಪಾಲಿಶ್ ಮಾಡಿದ ಒಂದು ಜೊತೆ ಕಪ್ಪು ಬೂಟು ಒಪ್ಪವಾಗಿ ಬಿಟ್ಟಿತ್ತು.

ಅವನು ಅವಳು ಹೊಲಿಯುವ ಸ್ಟೂಲಿನ ಮೇಲೆ ಕೂತಿದ್ದ. ಸ್ವಲ್ಪ ದಪ್ಪಗಾಗಿದ್ದ, ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಅವಳು ಮುಗಿಸಿ ಮಡಚಿಟ್ಟಿದ್ದ ಒಂದು ಅಂಗಿ ಹಿಡಿದು ಕಾಜಾಗಳನ್ನು ಹೆಬ್ಬೆರಳಿನಿಂದ ಸವರಿ ನೋಡುತ್ತಿದ್ದ. ಮೇಜಿನ ಮೇಲೆ ಬಣ್ಣದ ಕಾಗದ ಸುತ್ತಿದ ಒಂದು ಡಬ್ಬಿ. ಚುಕ್ಕಿ ಅವನ ಮೊಣಕಾಲಿಗೆ ತಾಗುವಷ್ಟು ಹತ್ತಿರ ನಿಂತಿದ್ದಳು.

"ಅಮ್ಮಾ! ಯಾರು ಬಂದಿದ್ದಾರೆ ನೋಡು!" ಎಂದಳು. ಆಮೇಲೆ ಬೈಗುಳ ಬೀಳಬಹುದೆಂದು ಬೇಗ ಬೇಗ ಸೇರಿಸಿದಳು: "ನಾನು ಸುಮ್ಮನೆ ತೆಗೀಲಿಲ್ಲಮ್ಮ. ನೀನು ಹೇಳಿದ ಹಾಗೇ ಯಾರು ಅಂತ ಕೇಳ್ದೆ. ಮನೆ ಅಂದ್ರೆ ಏನು, ಹೇಳಿ ನೋಡೋಣ ಅಂದ್ರು. ಗೊತ್ತಿರೋ ದನಿ ಅಲ್ವಾ, ಅದಕ್ಕೇ ತೆಗೆದೆ."

ಅವನು ಅಂಗಿಯನ್ನು ಮೊದಲಿನ ಮಡಿಕೆಯಲ್ಲೇ ಮಡಚಿ ಪಕ್ಕಕ್ಕಿಟ್ಟ.

"ಎಷ್ಟು ಹೊತ್ತಾಯ್ತು ನಾವು ಕಾಯ್ತಾ" ಎಂದ, ಮೆಲ್ಲಗೆ. "ಬಾ. ಬಾಗಿಲು ಹಾಕ್ಕೊಂಡು ಬಾ."

ಅವಳ ಬಲಗೈ ಹೆಬ್ಬೆರಳು ಗಂಟಿನ ಮೂಲೆಯನ್ನು ಒತ್ತುತ್ತಿತ್ತು. ಪರದೆಯ ಮೇಲಾದರೆ ದಾಟಿಸುವ ಗುಂಡಿ ಇರುವ ಜಾಗ. ಒತ್ತುತ್ತಲೇ ಇತ್ತು. ಏನೂ ದಾಟಲಿಲ್ಲ. ಆ ಹೆಬ್ಬೆರಳನ್ನು ನೋಡಿ ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

ನಲವತ್ತು ಅಂಗಿಯ ಗಂಟನ್ನು ಬಾಗಿಲ ಸಂದಿಗೆ ತುರುಕಿದಳು, ಇನ್ನು ಅದು ಯಾರು ತಳ್ಳಿದರೂ ಮುಚ್ಚದ ಹಾಗೆ.

"ಹಾಕಲ್ಲ" ಎಂದಳು. ಕಟ್ಟಡಕ್ಕೆಲ್ಲ ಕೇಳುವಷ್ಟು ಜೋರಾಗಿ ಅವಳು ಮಾತಾಡಿದ್ದು ಅದೇ ಮೊದಲು. ಚುಕ್ಕಿ ಬೆಚ್ಚಿದಳು. ಅಕ್ಕ ಎಡಗೈ ಎತ್ತಿ ಹಿಡಿದಳು. "ಈ ಬೆರಳು ನೋಡು ಚುಕ್ಕಿ. ಗಾಳಿಗೆ ಬಾಗಿಲು ಬಡಿದಿದ್ದಲ್ಲ. ನಾನು ಸುಳ್ಳು ಹೇಳಿದ್ದೆ. ಇವನು ಹಾಕಿದ್ದು. ನನ್ನ ಕೈ ಇದೆ ಅಂತ ನೋಡಿ, ಬೇಕು ಅಂತಲೇ ಹಾಕಿ ಒತ್ತಿದ್ದು. ಇವನು ನಿಮ್ಮಪ್ಪ. ಇವನಿಗೆ ಹೆದರಿ ನಾನು ನಿನ್ನ ಎತ್ಕೊಂಡು ಓಡಿ ಬಂದಿದ್ದು. ಬಾ ಇಲ್ಲಿ."

ಐದು ವರ್ಷ ಕಟ್ಟದೆ ಬಿಟ್ಟಿದ್ದ ಸೀಳನ್ನು ಒಂದೇ ಉಸಿರಿನಲ್ಲಿ ಹೊಲಿಯಲು ನೋಡಿದಳು. ಮಗಳ ಮುಖದ ನಗು ಹೋಗಿತ್ತು. ಆದರೆ ಅಲ್ಲಿ ಭಯವಿರಲಿಲ್ಲ, ಗೊಂದಲವಿತ್ತು. ಗೊಂದಲದ ನಡುವೆ ಅಪ್ಪ ಎಂಬ ಪದ ಹೊತ್ತಿಕೊಳ್ಳುತ್ತಿರುವುದನ್ನು ಅಕ್ಕ ಕಂಡಳು. ಯಾವುದಕ್ಕೆ ಹೆದರಿ ಇಷ್ಟು ದಿನ ಬಾಯಿ ಕಟ್ಟಿಕೊಂಡಿದ್ದಳೋ ಅದೇ.

ಅವನು ಏಳಲಿಲ್ಲ, ಸಿಟ್ಟಾಗಲಿಲ್ಲ. ದನಿ ಇನ್ನೂ ಮೆತ್ತಗಾಯಿತು.

"ಅಮ್ಮನಿಗೆ ಓಡಿ ಬಂದು ಸುಸ್ತಾಗಿದೆ ಚಿನ್ನ, ಪಾಪ" ಎಂದ. "ಇಷ್ಟು ದಿನ ಗಾಳಿ ಅಂತಿದ್ಲು, ಈಗ ನಾನು ಅಂತಾಳೆ. ಯಾವ್ದು ನಿಜ, ಯಾವ್ದು... ಸುಳ್ಳು? ಹೇಳು ನೋಡೋಣ?"

ಕೆಳಗೆ ಮೆಟ್ಟಿಲ ಮೇಲೆ ಯಾರೋ ಹತ್ತುವ ಸದ್ದಾಯಿತು. ಅಜ್ಜಿಯೋ, ಚಿಮುಟನೋ ಇರಬೇಕು. ಇನ್ನೂ ಒಂದು ಮಹಡಿ ಕೆಳಗಿತ್ತು.

"ಚುಕ್ಕೀ, ಬಾರೇ" ಎಂದಳು ಅಕ್ಕ.

ಚುಕ್ಕಿ ಒಂದು ಹೆಜ್ಜೆ ಇಟ್ಟಳು. ಅಮ್ಮನ ಬಾಗಿದ ಬೆರಳುಗಳನ್ನು ನೋಡಿದಳು. ಅಲ್ಲಿಯೇ ನಿಂತು, ಬರಲೋ ಬೇಡವೋ ಎಂದು ಅಪ್ಪಣೆ ಕೇಳುವವಳ ಹಾಗೆ, ತಿರುಗಿ ಅವನ ಮುಖ ನೋಡಿದಳು.